ಜಾತ್ರೆಯ ಗೋಡೆ ಮತ್ತು ಹಳ್ಳಿಕಾರ್ ಎತ್ತಿನ ಕೊಂಬು

ಎರಡು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ, ದೊಡ್ಡಬಳ್ಳಾಪುರದ ಕಡೆಯ ಒಂದು ಊರಿನ ದನಗಳ ಜಾತ್ರೆಯಲ್ಲಿ ಗೋಡೆಚಿತ್ರ ಬರೆಯುವ ಕೆಲಸ ನನಗೆ ಒದಗಿತ್ತು. ಜಾತ್ರೆಯ ಬಯಲಿಗೆ ಮುಖ ಮಾಡಿದ್ದ ಹಾಲಿನ ಡೇರಿ ಕಟ್ಟಡದ ಪಕ್ಕದ ಗೋಡೆಯನ್ನು ನನಗೆ ಕೊಟ್ಟಿದ್ದರು. ಉದ್ದ 24 ಅಡಿ, ಎತ್ತರ 10 ಅಡಿ. ಒಂದು ಜೋಡಿ ಹಳ್ಳಿಕಾರ್ ತಳಿಯ ಎತ್ತು, ಅವುಗಳ ಹಿಂದೆ ರಾಗಿಯ ಮೆದೆ, ದೂರದಲ್ಲಿ ಬೆಟ್ಟದ ಸಾಲು ಎಂದು ಕಾಗದದ ಮೇಲೆ ಚಿತ್ರ ಸಿದ್ಧಪಡಿಸಿಕೊಂಡು ಹೋಗಿದ್ದೆ. ಎರಡನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಎತ್ತುಗಳ ಮೈಬಣ್ಣ ಕೂತಿತ್ತು, ಕೊಂಬುಗಳ ಆಕಾರ ಮೂಡಿತ್ತು. ಏಣಿಯಿಂದ ಇಳಿದು ದೂರ ನಿಂತು ನೋಡುತ್ತಿದ್ದಾಗ, ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಒಬ್ಬ ಹಿರಿಯ ರೈತರು ನನ್ನ ಪಕ್ಕದಲ್ಲಿಯೇ ಬಂದು ನಿಂತು, ಗೋಡೆಯನ್ನು ಬಹಳ ಹೊತ್ತು ದಿಟ್ಟಿಸಿದರು.

"ಎತ್ತೇನೋ ಚೆಂದಾಗದೆ ಕಣವ್ವಾ. ಆದ್ರೆ ಕೊಂಬು ಹಳ್ಳಿಕಾರಿಂದಲ್ಲ," ಎಂದರು.

"ಯಾಕೆ ತಾತ?"

"ಬುಡದಾಗೆ ಅಂಗೈ ಅಗಲ ಜಾಗ ಬಿಟ್ಟಿದೀಯ. ಹಳ್ಳಿಕಾರಿಗೆ ಎಲ್ಡು ಬೆರಳು ಇಟ್ರೆ ಮುಗೀತು. ಬಾ, ತೋರಿಸ್ತೀನಿ."

ಅವರು ನನ್ನನ್ನು ಬಯಲಿನ ಇನ್ನೊಂದು ತುದಿಯಲ್ಲಿ ಕಟ್ಟಿದ್ದ ತಮ್ಮ ಜೋಡಿಯ ಬಳಿಗೆ ಕರೆದುಕೊಂಡು ಹೋದರು. ಎತ್ತಿನ ನೆತ್ತಿಯ ಮೇಲೆ, ಎರಡು ಕೊಂಬುಗಳು ಹುಟ್ಟುವ ಜಾಗದ ನಡುವೆ ತಮ್ಮ ತೋರುಬೆರಳು ಮತ್ತು ನಡುಬೆರಳನ್ನು ಇಟ್ಟು ತೋರಿಸಿದರು. ಬೆರಳುಗಳು ಅಲ್ಲಿ ಬಿಗಿಯಾಗಿ ಕೂತವು. ಆ ಕೊಂಬುಗಳು ಒಂದರ ಪಕ್ಕದಲ್ಲೊಂದು ಹುಟ್ಟಿ, ಅರ್ಧದಷ್ಟು ಉದ್ದ ಹೆಚ್ಚುಕಡಿಮೆ ನೇರವಾಗಿ ಹಿಂದಕ್ಕೆ ಹೋಗಿ, ಅಲ್ಲಿಂದ ಮೆಲ್ಲನೆ ಬಾಗಿ, ತುದಿಯಲ್ಲಿ ಮುಂದಕ್ಕೆ ಮುಖ ಮಾಡುತ್ತವೆ. ನಾನು ಅವುಗಳನ್ನು ಬುಡದಲ್ಲಿಯೇ ಅಗಲಿಸಿ, ಮೊದಲಿನಿಂದಲೇ ಬಾಗಿಸಿಬಿಟ್ಟಿದ್ದೆ. ಹತ್ತಾರು ಫೋಟೊಗಳನ್ನು ನೋಡಿಕೊಂಡೇ ಬರೆದಿದ್ದ ಕೊಂಬು ಅದು. ಎತ್ತಿನ ನೆತ್ತಿಯ ಮೇಲೆ ಕೈಯಿಟ್ಟು ನೋಡಿದ್ದು ಅದೇ ಮೊದಲು.

ಹಿಂದಿರುಗಿ ಬಂದು, ಕೊಂಬುಗಳಿದ್ದ ಜಾಗಕ್ಕೆ ಆಕಾಶದ ಬಣ್ಣವನ್ನು ಎರಡು ಸಲ ಹೊಡೆದು, ಮಧ್ಯಾಹ್ನದ ಮೇಲೆ ಹೊಸದಾಗಿ ಬರೆದೆ. ಅಷ್ಟರೊಳಗೆ ಸುದ್ದಿ ಹಬ್ಬಿ ಏಳೆಂಟು ಮಂದಿ ರೈತರು ಗೋಡೆಯ ಎದುರು ಕೂತಿದ್ದರು. ಕುತ್ತಿಗೆಯ ಕೆಳಗಿನ ಗಂಗೆದೊಗಲು ಇಷ್ಟು ಜೋಲಬಾರದು, ಬೆನ್ನಿನ ಹಿಣಿಲಿನ ಮೇಲಿನ ಬೂದುಬಣ್ಣ ಇನ್ನೂ ಕಪ್ಪಗಿರಬೇಕು, ಮುಖದ ಮೇಲೆ ಅಲ್ಲಲ್ಲಿ ತಿಳಿಬಣ್ಣ ಬೇಕು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ಇಬ್ಬರಿಗೆ ಬಾಲದ ಕುಚ್ಚಿನ ವಿಷಯದಲ್ಲಿ ವಾದವೇ ಆಯಿತು. ಸಂಜೆಗೆ ಗೋಡೆಯ ಮೇಲಿದ್ದ ಎತ್ತುಗಳು ನಾನು ಕಾಗದದ ಮೇಲೆ ಬರೆದುಕೊಂಡು ಬಂದಿದ್ದ ಎತ್ತುಗಳಿಗಿಂತ ಬಹಳ ಚೆನ್ನಾಗಿದ್ದವು.

ಉತ್ಸವಗಳಲ್ಲಿ, ಜಾತ್ರೆಗಳಲ್ಲಿ, ಸಂತೆಗಳಲ್ಲಿ ಗೋಡೆಚಿತ್ರ ಬರೆಯುವ ಕೆಲಸವನ್ನು ಹನ್ನೊಂದು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ನಮ್ಮನ್ನು ಕರೆಸುವ ಸಂಘಟಕರಲ್ಲಿ ಬಹುಮಂದಿ ಈ ಕೆಲಸವನ್ನು ಒಂದು ಪ್ರದರ್ಶನವೆಂದು ತಿಳಿದಿರುತ್ತಾರೆ: ವೇದಿಕೆಯ ಮೇಲೆ ಹಾಡುವವರಿದ್ದಂತೆ, ಮೂಲೆಯಲ್ಲಿ ಚಿತ್ರ ಬರೆಯುವವರೊಬ್ಬರು ಇರಲಿ, ಜನ ನೋಡಲಿ, ಫೋಟೊ ತೆಗೆದುಕೊಳ್ಳಲಿ ಎಂಬುದು ಅವರ ಅಪೇಕ್ಷೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆನ್ನ ಹಿಂದೆ ನಿಂತ ಜನ ಚಿತ್ರವನ್ನು ತಿದ್ದಬಲ್ಲರು, ಆ ತಿದ್ದುಪಡಿ ಕಲಾಶಾಲೆಯ ಕೊಠಡಿಯಲ್ಲಾಗಲಿ ನನ್ನ ಮನೆಯ ಮಹಡಿಯಲ್ಲಾಗಲಿ ಸಿಗುವಂಥದ್ದಲ್ಲ ಎಂಬುದು ಈ ಕೆಲಸದ ನಿಜವಾದ ಸಂಪತ್ತು. ಅದು ದಕ್ಕಬೇಕಾದರೆ ಎರಡು ಬೇಕು: ಸಾಕಷ್ಟು ದಿನ, ಮತ್ತು ಉತ್ಸವ ಮುಗಿದ ಮೇಲೂ ಅಲ್ಲಿಯೇ ಉಳಿಯುವ ಒಂದು ಗೋಡೆ. ಈ ಎರಡನ್ನೂ ಕೇಳಿ ಪಡೆಯುವುದು ಎಷ್ಟು ಕಷ್ಟವೆಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಾನು ಚಿತ್ರಕಲೆ ಕಲಿತದ್ದು ಮೈಸೂರಿನ ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ. ಜನರ ಎದುರು ಕೂತು ಬರೆಯುವ ಧೈರ್ಯ ಬಂದದ್ದು ಮಾತ್ರ ಬೆಂಗಳೂರಿನ ಚಿತ್ರಸಂತೆಯಲ್ಲಿ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಈ ಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಓಡಾಟ ನಿಂತು, ರಸ್ತೆಯ ಎರಡೂ ಬದಿಗೆ ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಚಿತ್ರಗಳನ್ನು ಇಟ್ಟುಕೊಂಡು ಕೂರುತ್ತಾರೆ. ಅಲ್ಲಿ ಹತ್ತು ನಿಮಿಷದಲ್ಲಿ ಭಾವಚಿತ್ರ ಬರೆದುಕೊಡುವವರ ಸಾಲಿನಲ್ಲಿ ನಾನೂ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದೆ. ಎದುರಿಗೆ ಕೂತವರು ಸುಮ್ಮನಿರುತ್ತಾರೆ. ಅವರ ಜೊತೆಗೆ ಬಂದವರು ಹಿಂದೆ ನಿಂತು, "ಮೂಗು ಇನ್ನೂ ಸ್ವಲ್ಪ ಚೂಪು," "ಹುಬ್ಬು ಅಷ್ಟು ದಪ್ಪ ಇಲ್ಲ," ಎಂದು ಹೇಳುತ್ತಲೇ ಇರುತ್ತಾರೆ. ಮೊದಲ ಒಂದು ಗಂಟೆ ಆ ಮಾತುಗಳಿಂದ ಕೈ ನಡುಗಿತು. ಮಧ್ಯಾಹ್ನದ ಹೊತ್ತಿಗೆ ಅವರು ಹೇಳುತ್ತಿರುವುದು ಬಹುಪಾಲು ಸರಿಯಾಗಿದೆ ಎಂದು ತಿಳಿಯಿತು. ತನ್ನ ತಾಯಿಯ ಹುಬ್ಬು ಹೇಗಿದೆ ಎಂಬುದು ಮಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರಲೇಬೇಕಲ್ಲವೇ?

ಹಬ್ಬಕ್ಕೆ ಗೋಡೆಯ ಮೇಲೆ ಚಿತ್ರ ಬರೆಯುವುದು ನಮ್ಮ ನಾಡಿಗೆ ಹೊಸತೂ ಅಲ್ಲ. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಷ್ಟರಲ್ಲಿಯೇ ಕೂದಲೆಳೆಯಷ್ಟು ಸಣ್ಣ ಗೆರೆಗಳ ಹಂದರ ಮೂಡುತ್ತದೆ, ಮದುಮಕ್ಕಳು ಅದರ ಮುಂದೆ ಹಸೆಯ ಮೇಲೆ ಕೂರುತ್ತಾರೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಹೊತ್ತೊಯ್ಯುವ ಬುಟ್ಟಿಯ ಮೇಲೂ ಅದೇ ಚಿತ್ತಾರ. ಆ ಸೀಮೆಯ ಒಂದು ಮನೆಯಲ್ಲಿ ನಾನು ಕೆಲವು ದಿನ ಇದ್ದು ನೋಡಿದ್ದೇನೆ. ಒಬ್ಬ ಅಮ್ಮ ಬರೆಯುತ್ತಿದ್ದರೆ ಉಳಿದ ಹೆಂಗಸರು ಸುತ್ತ ಕೂತಿರುತ್ತಾರೆ, ಹಾಡು ಹೇಳುತ್ತಾರೆ, ಗೆರೆ ತಪ್ಪಿದರೆ ಒಂದೇ ಮಾತಿನಲ್ಲಿ ಹೇಳಿ ಮತ್ತೆ ಹಾಡು ಮುಂದುವರಿಸುತ್ತಾರೆ. ದನಗಳ ಜಾತ್ರೆಯಲ್ಲಿ ಆ ರೈತರು ಮಾಡಿದ್ದು ಇದನ್ನೇ ಎಂದು ನನಗೆ ಅನ್ನಿಸಿದ್ದು ಬಹಳ ಆಮೇಲೆ.

ದೊಡ್ಡ ಗೋಡೆಯ ಮೇಲೆ ಚಿತ್ರವನ್ನು ಇಳಿಸುವ ವಿಧಾನಗಳು ಹಲವಿವೆ. ಹಳೆಯದೂ ನಂಬಿಕೆಯದೂ ಆದದ್ದು ಚೌಕ ಹಾಕುವುದು. 24 ಅಡಿಗೆ 10 ಅಡಿಯ ಗೋಡೆಗೆ 24 ಇಂಚಿಗೆ 10 ಇಂಚಿನ ಕಾಗದ, ಒಂದು ಇಂಚಿಗೆ ಒಂದು ಅಡಿಯ ಲೆಕ್ಕ. ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡೂ ತುದಿ ಬಿಗಿಯಾಗಿ ಹಿಡಿದು ಹೊಡೆದರೆ ನೇರವಾದ ಗೆರೆ ಬೀಳುತ್ತದೆ. ಹೀಗೆ 240 ಚೌಕಗಳಾಗುತ್ತವೆ. ಉತ್ಸವಗಳಲ್ಲಿ ಅಷ್ಟು ಹೊತ್ತು ಸಿಗದಿರುವುದರಿಂದ ಈಗ ನಾವು ಹೆಚ್ಚಾಗಿ ಮಾಡುವುದು ಇನ್ನೊಂದು ಬಗೆ. ಗೋಡೆಯ ತುಂಬ ಬಾಯಿಗೆ ಬಂದ ಅಕ್ಷರ, ಸೊನ್ನೆ, ಸುರುಳಿ, ನಕ್ಷತ್ರಗಳನ್ನು ದೊಡ್ಡದಾಗಿ ಗೀಚಿ, ಅದರ ಫೋಟೊ ತೆಗೆದು, ಮೊಬೈಲಿನಲ್ಲಿ ಆ ಫೋಟೊದ ಮೇಲೆ ನಮ್ಮ ಚಿತ್ರವನ್ನು ಅರೆಪಾರದರ್ಶಕವಾಗಿ ಹರಡುತ್ತೇವೆ. ಆಗ ಎತ್ತಿನ ಕಣ್ಣು 'ಕ' ಅಕ್ಷರದ ಬಾಲದ ಬಳಿ ಬರುತ್ತದೆ, ಗೊರಸು ಮೂರನೆಯ ಸುರುಳಿಯ ಕೆಳಗೆ ಬರುತ್ತದೆ ಎಂದು ತಿಳಿಯುತ್ತದೆ. ಆ ಗುರುತುಗಳನ್ನು ಹಿಡಿದು ಗೆರೆ ಎಳೆಯುತ್ತ ಹೋದರೆ ಎರಡು ಗಂಟೆಯಲ್ಲಿ ಇಡೀ ಚಿತ್ರದ ಹೊರಗೆರೆ ಮುಗಿಯುತ್ತದೆ. ಗೀಚುವ ಹೊತ್ತಿನಲ್ಲಿ ಮಾತ್ರ ದಾರಿಹೋಕರ ಮುಖದಲ್ಲಿ ಗಾಬರಿ ಕಾಣುತ್ತದೆ. ಹಾವೇರಿಯಲ್ಲಿ ಒಮ್ಮೆ ಎದುರು ಮನೆಯ ಅಜ್ಜಿ ಹೊರಗೆ ಬಂದು, "ಸುಣ್ಣಾ ಹಚ್ಚಿದ ಗ್ವಾಡಿ ಹಿಂಗ್ಯಾಕ ಹೊಲಸ ಮಾಡಾಕತ್ತೀರಿ?" ಎಂದು ನಮ್ಮನ್ನು ನಿಲ್ಲಿಸಿದರು. ಮೊಬೈಲಿನಲ್ಲಿ ತೋರಿಸಿ ವಿವರಿಸಿದ ಮೇಲೆ, ಸಂಜೆ ಚಿತ್ರ ಮೂಡುವವರೆಗೆ ಕಟ್ಟೆಯ ಮೇಲೆ ಕೂತು ಕಾದರು, ನಡುವೆ ಎರಡು ಸಲ ಚಹಾ ಕಳಿಸಿಕೊಟ್ಟರು.

ಗೋಡೆಗೆ ನಾವು ಬಳಸುವುದು ಮನೆಗಳ ಹೊರಗೋಡೆಗೆ ಹೊಡೆಯುವ ಎಮಲ್ಷನ್ ಬಣ್ಣವನ್ನೇ. ಎರಡು ಕೈ ಹೊಡೆದರೆ ಒಂದು ಲೀಟರು ಸುಮಾರು 50ರಿಂದ 60 ಚದರಡಿಗೆ ಬರುತ್ತದೆ. ಬಿಳಿಯ ಡಬ್ಬ ದೊಡ್ಡದೊಂದನ್ನು ತಂದು, ಸ್ಟೈನರ್ ಬಾಟಲಿಗಳಿಂದ ಬೇಕಾದ ಬಣ್ಣ ಕೂಡಿಸಿಕೊಳ್ಳುತ್ತೇವೆ. ಒಂದು ಬಣ್ಣ ಎಷ್ಟು ಬೇಕೋ ಅಷ್ಟನ್ನೂ ಒಂದೇ ಸಲಕ್ಕೆ ಕಲಸಿಟ್ಟುಕೊಳ್ಳಬೇಕು, ಏಕೆಂದರೆ ಅರ್ಧ ಎತ್ತಿಗೆ ಬಣ್ಣ ಮುಗಿದರೆ ಅದೇ ಬೂದು ಮತ್ತೆ ಬರುವುದಿಲ್ಲ. ಒದ್ದೆ ಬಣ್ಣ ಒಂದು ಬಗೆ ಕಾಣುತ್ತದೆ, ಒಣಗಿದ ಮೇಲೆ ಇನ್ನೊಂದು ಬಗೆ. ಆದ್ದರಿಂದ ಪ್ರತಿ ಡಬ್ಬದ ಮುಚ್ಚಳದ ಮೇಲೂ ಒಂದು ಬೊಟ್ಟು ಹಚ್ಚಿ, ಒಣಗಿಸಿ, ನೋಡಿ ನಂತರವೇ ಗೋಡೆಗೆ ಹೋಗುವುದು ನನ್ನ ರೂಢಿ. ಕಾವಿ, ಹಳದಿ ಮಣ್ಣಿನಂಥ ಆಕ್ಸೈಡ್ ಬಣ್ಣಗಳು ವರ್ಷಗಟ್ಟಲೆ ಬಿಸಿಲನ್ನು ತಾಳುತ್ತವೆ. ಹೊಳೆಯುವ ಕೆಂಪು, ಗುಲಾಬಿ, ನಿಂಬೆಹಳದಿಗಳು ದಕ್ಷಿಣ ಅಥವಾ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯಲ್ಲಿ ಬೇಗ ಸಪ್ಪೆಯಾಗುತ್ತವೆ. ಸಂಘಟಕರು ಕೇಳುವುದು ಯಾವಾಗಲೂ ಹೊಳೆಯುವ ಬಣ್ಣಗಳನ್ನೇ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತವೆಂದು. ಇದರ ಜೊತೆಗೆ, ಹಗಲಿನಲ್ಲಿ ಕೂಡಿಸಿದ ಬಣ್ಣ ರಾತ್ರಿ ವೇದಿಕೆಯ ಹಳದಿ ದೀಪದಡಿಯಲ್ಲಿ ಬೇರೆಯೇ ಆಗುತ್ತದೆ. ಹಳದಿ ಬಿಳಿಯೊಳಗೆ ಕರಗಿಹೋಗುತ್ತದೆ, ಕಡುನೀಲಿ ಕಪ್ಪಾಗುತ್ತದೆ. ರಾತ್ರಿ ಪೂರ್ತಿ ಕೂತು ಬೆಳಗಾಗುವುದರೊಳಗೆ ಮುಗಿಸಿಬಿಡಿ ಎನ್ನುವವರಿಗೆ ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿನ ಮಾತು ಬೇರೆಯೇ ಇದೆ. ಹನ್ನೊಂದು ಗಂಟೆಯ ಮೇಲೆ ಗೋಡೆ ಕಾದಿರುತ್ತದೆ. ಕುಂಚ ತಾಗುತ್ತಲೇ ಬಣ್ಣ ಒಣಗಿ ಎಳೆಯುತ್ತದೆ, ಒಂದು ಗೆರೆಯ ಪಕ್ಕಕ್ಕೆ ಇನ್ನೊಂದು ಬೆರೆಯುವುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಹನ್ನೊಂದು, ಮಧ್ಯಾಹ್ನ ಮೂರೂವರೆಯಿಂದ ಕತ್ತಲಾಗುವವರೆಗೆ, ಇಷ್ಟೇ ನಮ್ಮ ಕೆಲಸದ ಹೊತ್ತು. ಗೋಡೆ ಕೆರೆದು, ತೊಳೆದು, ಪ್ರೈಮರ್ ಹೊಡೆಯಲು ಒಂದು ದಿನ, ಹೊರಗೆರೆ ಮತ್ತು ತಳದ ಬಣ್ಣಕ್ಕೆ ಒಂದು ದಿನ, ನೆರಳು ಬೆಳಕಿಗೆ ಒಂದು ದಿನ, ತಿದ್ದಲು ಒಂದು ದಿನ. ಹೊಸದಾಗಿ ಗಾರೆ ಮಾಡಿದ ಗೋಡೆಯಾದರೆ ಅದಕ್ಕೆ ತಿಂಗಳಾದರೂ ಆರಲು ಬಿಡಬೇಕು, ಇಲ್ಲವಾದರೆ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಉಪ್ಪು ಹೊರಗೆ ಬಂದು ಚಿತ್ರದ ಮೇಲೆ ಬಿಳಿಯ ಹೊಟ್ಟು ಕೂರುತ್ತದೆ. ಶುಕ್ರವಾರ ಉದ್ಘಾಟನೆ, ಗುರುವಾರ ಬನ್ನಿ ಎಂದು ಕರೆಯುವವರಿಗೆ ಈ ಲೆಕ್ಕವನ್ನು ಎಷ್ಟು ಸಲ ಹೇಳಿದ್ದೇನೋ.

ಅದಕ್ಕೆ ಅವರ ಬಳಿ ಸಿದ್ಧವಾಗಿರುವ ಉತ್ತರ ಪ್ಲೈವುಡ್. ಎಂಟು ಅಡಿಗೆ ನಾಲ್ಕು ಅಡಿಯ ಹಲಗೆಗಳನ್ನು ಜೋಡಿಸಿ, ಹಿಂದೆ ಮರದ ಚೌಕಟ್ಟು ಕೊಟ್ಟು, ವೇದಿಕೆಯ ಪಕ್ಕ ನಿಲ್ಲಿಸಿಬಿಡುತ್ತಾರೆ. ಅನುಮತಿಯ ತಾಪತ್ರಯವಿಲ್ಲ, ಎಲ್ಲಿ ಬೇಕೆಂದರಲ್ಲಿ ಇಡಬಹುದು, ಮುಗಿದ ಮೇಲೆ ಎತ್ತಿಕೊಂಡು ಹೋಗಬಹುದು. ನಾನೂ ಇಂಥ ಹಲಗೆಗಳ ಮೇಲೆ ಹತ್ತಾರು ಚಿತ್ರ ಬರೆದಿದ್ದೇನೆ, ಜೀವನ ನಡೆಯಬೇಕಲ್ಲ. ಆದರೆ ಆ ಹಲಗೆಗಳ ಗತಿಯನ್ನೂ ಕಂಡಿದ್ದೇನೆ: ಒಂದು ಉತ್ಸವ ಮುಗಿದ ಎರಡು ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಅವರ ಗೋದಾಮಿಗೆ ಹೋದಾಗ, ನಾನು ಬರೆದಿದ್ದ ಯಕ್ಷಗಾನದ ಬಣ್ಣದ ವೇಷದ ಮುಖ ಸಿಮೆಂಟು ಚೀಲಗಳ ಕೆಳಗೆ ಅಡ್ಡಲಾಗಿ ಬಿದ್ದಿತ್ತು. ಒಂದು ದಿನ ಇದ್ದು ಅಳಿಯುವ ಚಿತ್ರಕ್ಕೆ ತನ್ನದೇ ಘನತೆ ಇದೆ ಎಂಬುದನ್ನು ನಾನು ಬಲ್ಲೆ. ನಮ್ಮ ಮನೆಗಳ ಮುಂದಿನ ರಂಗೋಲಿ ಹಾಗೆಯೇ ಬದುಕುತ್ತದೆ. ಇಟಲಿಯ ಗ್ರಾತ್ಸಿಯೆ ಎಂಬ ಊರಿನಲ್ಲಿ 1973ರಿಂದ ಆಗಸ್ಟ್ ತಿಂಗಳ ಜಾತ್ರೆಗೆ ಕಲಾವಿದರು ಸೇರಿ ದೇವಾಲಯದ ಮುಂದಿನ ನೆಲದ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಮಾಡುವ ದೊಡ್ಡ ಚಿತ್ರಗಳೂ ಮಳೆ ಬಂದರೆ ತೊಳೆದುಹೋಗುತ್ತವೆ. ಅವು ಅಳಿಯಲೆಂದೇ ಬರೆದವು. ಗೋದಾಮಿನಲ್ಲಿ ಕೊಳೆಯಲೆಂದು ಯಾರೂ ಬರೆಯುವುದಿಲ್ಲ.

ಗೋಡೆಯನ್ನು ಕೊಟ್ಟ ಉತ್ಸವಗಳು ಏನನ್ನು ಉಳಿಸಿವೆ ನೋಡಿ. 2014ರಲ್ಲಿ ದೆಹಲಿಯ ಬೀದಿಕಲೆಯ ಉತ್ಸವದಲ್ಲಿ ಜರ್ಮನಿಯ ಹೆಂಡ್ರಿಕ್ ಬೈಕಿರ್ಷ್ ಮತ್ತು ನಮ್ಮ ಅನ್ಪು ವರ್ಕಿ ಸೇರಿ ಆಗಿನ ಪೊಲೀಸ್ ಕೇಂದ್ರ ಕಚೇರಿಯ ಗೋಡೆಯ ಮೇಲೆ ಸುಮಾರು 150 ಅಡಿ ಎತ್ತರದ ಗಾಂಧೀಜಿಯನ್ನು ಬರೆದರು. ಉತ್ಸವ ಮುಗಿದರೂ ಆ ಕಚೇರಿಯ ಬಳಿಯ ವೃತ್ತಕ್ಕೆ ಗಾಂಧಿ ಗುರುತಾದರು. ಆ ಉತ್ಸವ ನಡೆಸಿದ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನದವರು ಮುಂದೆ ಲೋಧಿ ಕಾಲೊನಿಯ ಸರ್ಕಾರಿ ವಸತಿಗಳ ಎತ್ತರದ ಗೋಡೆಗಳನ್ನು ಒಂದೊಂದಾಗಿ ಕಲಾವಿದರಿಗೆ ಕೊಡಿಸಿದರು, ಈಗ ಜನ ಅವನ್ನು ನೋಡಲೆಂದೇ ಅಲ್ಲಿ ನಡೆದಾಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ಪೂರ್ಣಿಮಾ ಸುಕುಮಾರ್ 2016ರಲ್ಲಿ ಕಟ್ಟಿದ ಅರವಾಣಿ ಆರ್ಟ್ ಪ್ರಾಜೆಕ್ಟ್ ಬಗ್ಗೆ ನನಗೆ ವಿಶೇಷವಾದ ಗೌರವವಿದೆ. ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರು ಏಣಿ ಹತ್ತಿ, ಹಾಡಹಗಲಿನಲ್ಲಿ, ತುಂಬಿದ ಬೀದಿಯಲ್ಲಿ ಗೋಡೆ ಬರೆಯುತ್ತಾರೆ, ತಮ್ಮನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಅದೇ ಬೀದಿಯ ಜನ ಅಲ್ಲಿ ನಿಂತು, "ಇದೇನು ಬರೀತಿದ್ದೀರಿ?" ಎಂದು ಕೇಳುವಂತಾಗುತ್ತದೆ. ಆ ಒಂದು ಪ್ರಶ್ನೆಗಾಗಿ ಹಗಲಿನಲ್ಲಿಯೇ ಬರೆಯಬೇಕು, ಬೀದಿಯಲ್ಲಿಯೇ ಬರೆಯಬೇಕು. 2024ರ ವೆನಿಸ್ ಬಿಯೆನಾಲೆಯಲ್ಲಿಯೂ ಅವರ ದೊಡ್ಡ ಗೋಡೆಚಿತ್ರವಿತ್ತು. ಮೈಸೂರಿನಿಂದಲೇ ಬಂದ ಬಾದಲ್ ನಂಜುಂಡಸ್ವಾಮಿಯವರು 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನು ಇಟ್ಟಾಗ, 2019ರಲ್ಲಿ ಗಗನಯಾತ್ರಿಯ ವೇಷ ತೊಟ್ಟವರನ್ನು ಹೊಂಡಗಳ ನಡುವೆ ನಡೆಸಿದಾಗ, ಬೀದಿಯನ್ನೇ ಚಿತ್ರವಾಗಿಸುವುದು ಹೇಗೆಂದು ನನ್ನ ವಾರಿಗೆಯವರೆಲ್ಲ ಕಲಿತೆವು.

ಅನುಮತಿಯ ಮಾತು ಬಂದದ್ದರಿಂದ ಒಂದು ಹೇಳಬೇಕು. ತೆರೆದ ಸ್ಥಳಗಳ ವಿರೂಪವನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯಿದೆ. ಕಂಡಕಂಡ ಗೋಡೆಗೆ ಬಣ್ಣ ಹಚ್ಚುವಂತಿಲ್ಲ. ಗೋಡೆಯ ಒಡೆಯರ ಲಿಖಿತ ಒಪ್ಪಿಗೆ ಕೈಯಲ್ಲಿಲ್ಲದೆ ನಾನು ಪ್ರೈಮರ್ ಡಬ್ಬ ತೆರೆಯುವುದಿಲ್ಲ. ಕಾಗದದ ಒಪ್ಪಿಗೆಯಷ್ಟೇ ಮುಖ್ಯವಾದ ಇನ್ನೊಂದು ಒಪ್ಪಿಗೆ ಎದುರು ಮನೆಯವರದು, ಪಕ್ಕದ ಅಂಗಡಿಯವರದು, ದಿನವೂ ಆ ಗೋಡೆಯ ಕೆಳಗೆ ಹೂ ಮಾರುವವರದು. ಅವರು ಪ್ರತಿದಿನ ಅದನ್ನು ನೋಡುತ್ತ ಬದುಕಬೇಕು. ಕರೆಸಿದವರು ಮೂರನೆಯ ದಿನ ಸಾಮಾನು ಕಟ್ಟಿಕೊಂಡು ಹೊರಡುತ್ತಾರೆ.

ಈ ಕೆಲಸದಲ್ಲಿ ನನ್ನ ಜೊತೆಗೆ ಬರುವವರು ಒಬ್ಬ ಹಿರಿಯ ಬೋರ್ಡ್ ಕಲಾವಿದರು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಅಂಗಡಿಯ ಬೋರ್ಡು, ಚುನಾವಣೆಯ ಗೋಡೆಬರಹ, ಸಿನಿಮಾ ಬ್ಯಾನರು, ಲಾರಿಯ ಹಿಂಬದಿಯ ಹೆಸರು, ನಾಟಕದ ಪರದೆ, ಎಲ್ಲವನ್ನೂ ಬರೆದ ಕೈ ಅವರದು. ಫ್ಲೆಕ್ಸ್ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅವರ ಕೆಲಸ ನಿಂತುಹೋಯಿತು. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆ ಭಿತ್ತಿಪತ್ರಗಳ ಹಾವಳಿ ತಡೆಯಲು ರಸ್ತೆಬದಿಯ ಗೋಡೆಗಳ ಮೇಲೆ ನಾಡಿನ ಪ್ರವಾಸಿ ತಾಣಗಳನ್ನೂ ಪ್ರಾಣಿಗಳನ್ನೂ ಜನಪದ ಕಲೆಗಳನ್ನೂ ಬರೆಸಿದಾಗ, ಹಂಪಿಯ ಕಲ್ಲಿನ ರಥವನ್ನೂ ಜೋಗವನ್ನೂ ಬರೆದವರು ಇವರಂಥವರೇ. ಕಲಾಶಾಲೆಯಲ್ಲಿ ಕಲಿತ ನಮ್ಮಲ್ಲಿ ಕೆಲವರು ಆ ಚಿತ್ರಗಳನ್ನು ಕ್ಯಾಲೆಂಡರ್ ಕಲೆ ಎಂದು ಹಗುರವಾಗಿ ಮಾತಾಡಿದ್ದುಂಟು. ನನಗೆ ಅದು ಸರಿ ಕಾಣುವುದಿಲ್ಲ. ಹತ್ತು ಅಡಿಯ ಅಕ್ಷರವನ್ನು ಅಳತೆಪಟ್ಟಿಯಿಲ್ಲದೆ, ಕೈಯ ಅಂದಾಜಿನಲ್ಲಿ ನೆಟ್ಟಗೆ ನಿಲ್ಲಿಸುವವರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಣ್ಣ 'ಶ್ರೀ' ಬರೆಯುವುದನ್ನು ಹತ್ತಿರದಿಂದ ನೋಡಬೇಕು: ಎಡಗೈಯಲ್ಲಿ ಒಂದು ಕೋಲು, ಅದರ ತುದಿಗೆ ಬಟ್ಟೆಯ ಉಂಡೆ, ಆ ಉಂಡೆಯನ್ನು ಗೋಡೆಗೆ ಒತ್ತಿ ಹಿಡಿದು, ಕೋಲಿನ ಮೇಲೆ ಬಲಗೈಯ ಮಣಿಕಟ್ಟನ್ನು ಊರಿ, ಉಸಿರು ಹಿಡಿದು, ಕುಂಚವನ್ನು ಎಲ್ಲಿಯೂ ಎತ್ತದೆ ಇಡೀ ತಿರುವನ್ನು ಒಂದೇ ಓಟಕ್ಕೆ ಮುಗಿಸುತ್ತಾರೆ. ಉಸಿರು ಬಿಡುವುದು ಆಮೇಲೆ.

ಗೋಡೆಯ ಪಾಠವನ್ನು ಹೇಳಿಕೊಟ್ಟವರೂ ಅವರೇ, ಅದೂ ಒಂದು ನಷ್ಟದ ಬೆಲೆಗೆ. ಮಲೆನಾಡಿನ ಒಂದು ಊರಿನ ಮೇ ತಿಂಗಳ ಉತ್ಸವದಲ್ಲಿ 30 ಅಡಿಯ ಕಾಂಪೌಂಡ್ ಗೋಡೆ ಕೊಟ್ಟಿದ್ದರು. ಮುಖ ನುಣುಪಾಗಿತ್ತು, ಪ್ರೈಮರ್ ಚೆನ್ನಾಗಿ ಕೂತಿತ್ತು. ಮೂರನೆಯ ದಿನದ ಸಂಜೆ, ಹೊಳೆಯ ನೀಲಿಯನ್ನು ಮುಗಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಗುಡುಗಿ ಮಳೆ ಬಂತು. ಟಾರ್ಪಾಲು ಇಳಿಬಿಟ್ಟೆವು, ಮುಂದಿನಿಂದ ಒಂದು ಹನಿಯೂ ತಾಗಲಿಲ್ಲ. ಬೆಳಿಗ್ಗೆ ತೆರೆದು ನೋಡಿದರೆ ನೀಲಿ ಉದ್ದಕ್ಕೂ ಗುಳ್ಳೆ ಎದ್ದು, ಕೆಳಗಿನ ಹಸಿರಿನ ಮೇಲೆ ಪಟ್ಟೆ ಪಟ್ಟೆಯಾಗಿ ಇಳಿದಿತ್ತು. ಗೋಡೆಯ ಮೇಲ್ತುದಿಗೆ ಗಾರೆಯ ಮುಚ್ಚಿಗೆಯೇ ಇರಲಿಲ್ಲ. ಇಟ್ಟಿಗೆಯ ಬಿರುಕುಗಳಲ್ಲಿ ನೀರು ಇಳಿದು, ಒಳಗಿನಿಂದ ಬಣ್ಣವನ್ನು ಎಬ್ಬಿಸಿತ್ತು. "ಗೋಡೆ ಮುಖ ನೋಡೋದಕ್ಕೆ ಮುಂಚೆ ತಲೆ ನೋಡ್ಬೇಕಮ್ಮ," ಎಂದರು ಅಣ್ಣ, ಕೆರೆಯುವ ಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತ. 11 ಅಡಿಯಷ್ಟು ಹೊಳೆಯನ್ನು ಕೆರೆದು ಮತ್ತೆ ಬರೆದೆವು. ಈಗ ಯಾವ ಊರಿಗೆ ಹೋದರೂ ನಾನು ಮೊದಲು ಏಣಿ ಹಾಕಿ ಗೋಡೆಯ ಮೇಲ್ತುದಿಯನ್ನು ಕೈಯಿಂದ ಸವರಿ ನೋಡುತ್ತೇನೆ.

ಮಳೆಗಿಂತ ಹೆಚ್ಚು ನೋಯಿಸಿದ್ದು ಮನುಷ್ಯರ ಕೈಯಿಂದಾದದ್ದು. ಒಂದು ಜಿಲ್ಲಾ ಕೇಂದ್ರದ ಉತ್ಸವದಲ್ಲಿ, ಐದು ದಿನ ಕೂತು, ಬಿತ್ತನೆಯ ಬೀಜ ಹಸನು ಮಾಡುತ್ತಿರುವ ಮೂವರು ಹೆಂಗಸರನ್ನು ಬರೆದಿದ್ದೆವು. ಸಮಾರೋಪದ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಗಣ್ಯರ ಮುಖಗಳಿದ್ದ ದೊಡ್ಡ ಫ್ಲೆಕ್ಸ್ ಒಂದನ್ನು ಚಿತ್ರದ ಅರ್ಧಕ್ಕೆ ಅಡ್ಡಲಾಗಿ ಹೊಡೆದಿದ್ದರು. ಹೊಡೆದಿದ್ದರು ಎಂದರೆ ನಿಜವಾಗಿಯೂ ಹೊಡೆದಿದ್ದರು: ನಾಲ್ಕು ಇಂಚಿನ ಮೊಳೆಗಳನ್ನು, ನಡುವಿನ ಹೆಂಗಸಿನ ಕೆನ್ನೆಗೆ ಒಂದು, ಕುತ್ತಿಗೆಯ ಬಳಿ ಒಂದು. ಜಾಗ ಬೇರೆಲ್ಲಿಯೂ ಇರಲಿಲ್ಲ ಎಂಬ ಉತ್ತರ ಸಿಕ್ಕಿತು. ಅಣ್ಣ ಮಾತಾಡಲಿಲ್ಲ, ಫ್ಲೆಕ್ಸಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಅವರ ಜೀವನದ ಕೆಲಸವನ್ನು ಫ್ಲೆಕ್ಸ್ ಮುಚ್ಚಿದ್ದು ಅದು ಎರಡನೆಯ ಸಲ. ಅಂದಿನಿಂದ ನನ್ನ ಒಪ್ಪಂದದಲ್ಲಿ ಮೂರು ಸಾಲು ತಪ್ಪದೆ ಇರುತ್ತವೆ. ಚಿತ್ರದ ಮೇಲೆ ಮೊಳೆ, ಅಂಟು, ಬ್ಯಾನರು ಕೂಡದು. ಒಂದು ವರ್ಷದೊಳಗೆ ಅಳಿಸುವುದಾದರೆ ಮುಂಚಿತವಾಗಿ ತಿಳಿಸಬೇಕು. ಅರ್ಧ ಹಣ ಕೆಲಸ ಆರಂಭವಾಗುವ ಮೊದಲು ಬರಬೇಕು. ನಿಮಗೆ ಒಳ್ಳೆಯ ಪ್ರಚಾರ ಸಿಗುತ್ತದೆ ಎನ್ನುವವರಿಗೆ, ಬಣ್ಣದ ಅಂಗಡಿಯವರು ಪ್ರಚಾರವನ್ನು ತೆಗೆದುಕೊಳ್ಳುವುದಿಲ್ಲ ಎಂದು ವಿನಯದಿಂದಲೇ ಹೇಳುತ್ತೇನೆ.

ಕೆಲವರು ಒಪ್ಪುತ್ತಾರೆ ಎಂಬುದು ಸಂತೋಷದ ಸಂಗತಿ. ಉತ್ಸವಕ್ಕೆ ಒಂದು ವಾರ ಮೊದಲೇ ಕರೆಸಿ, ಊರಿನವರ ಜೊತೆ ಒಂದು ಸಂಜೆ ಕೂರಿಸಿ, ಏನು ಬರೆಯಬೇಕೆಂದು ಮಾತಾಡಿಸಿ, ಉತ್ಸವದ ದಿನಗಳಲ್ಲಿ ಕೊನೆಯ ಭಾಗವನ್ನಷ್ಟೇ ಜನರ ಮುಂದೆ ಬರೆಯಲು ಬಿಡುವವರು ಈಗೀಗ ಸಿಗುತ್ತಿದ್ದಾರೆ. ಅಂಥ ಕಡೆ ನಾವು ಗೋಡೆಯ ಕೆಳಗಿನ ಒಂದು ಭಾಗವನ್ನು, ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ, ಹೊರಗೆರೆ ಮಾತ್ರ ಎಳೆದು ಬಿಟ್ಟಿರುತ್ತೇವೆ. ಹುಲ್ಲು, ಎಲೆ, ಕೆರೆಯ ಅಲೆ, ಹೀಗೆ ಯಾರು ತುಂಬಿದರೂ ಕೆಡದಂಥವನ್ನು. ಕುಂಚ ಹಿಡಿಯಲು ಮಕ್ಕಳು ಸಾಲುಗಟ್ಟುತ್ತಾರೆ. ಅವರನ್ನು ಕರೆತಂದ ತಾಯಂದಿರು ಮೊದಲು ಬೇಡವೆಂದು ಹಿಂದೆ ಸರಿದು, ಸ್ವಲ್ಪ ಹೊತ್ತಿನ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತುಬಿಡುತ್ತಾರೆ. ರಂಗೋಲಿ ಹಾಕಿ ಪಳಗಿದ ಕೈಗಳಾದ್ದರಿಂದ ಅವರ ಗೆರೆ ನಮ್ಮ ಗೆರೆಗಿಂತ ನಿಧಾನ, ಆದರೆ ಎಲ್ಲಿಯೂ ನಡುಗುವುದಿಲ್ಲ.

ದನಗಳ ಜಾತ್ರೆಯ ಆ ಗೋಡೆಯನ್ನು ನೋಡಲು ಕಳೆದ ಡಿಸೆಂಬರಿನಲ್ಲಿ ನಾನೂ ಅಣ್ಣನೂ ಮತ್ತೆ ಹೋಗಿದ್ದೆವು. ಮೇಲಿನ ಭಾಗ ಬಿಸಿಲಿಗೆ ತುಸು ಮಾಸಿದ್ದು ಬಿಟ್ಟರೆ ಚೆನ್ನಾಗಿಯೇ ಇತ್ತು. ಕೆಳಗಿನ ಎರಡು ಅಡಿ ಮಾತ್ರ ಪೂರ್ತಿ ಹೋಗಿತ್ತು. ಜಾತ್ರೆಗೆ ಬಂದ ದನಗಳನ್ನು ಗೋಡೆಯ ಬುಡದಲ್ಲಿ ಕಟ್ಟಿದ್ದರಿಂದ ಅವು ಮೈ ಉಜ್ಜಿ ಉಜ್ಜಿ, ನಾನು ಬರೆದಿದ್ದ ಗೊರಸುಗಳೂ ಹುಲ್ಲೂ ಅಳಿಸಿ ಗಾರೆ ಕಾಣುತ್ತಿತ್ತು. ಹಳ್ಳಿಯ ಮನೆಗಳ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಯಾಕೆ ಬಳಿಯುತ್ತಾರೆಂಬುದು ಆಗ ತಲೆಗೆ ಬಂತು. ಎರಡು ಲೀಟರು ಕಾವಿ ಬಣ್ಣ ತರಿಸಿ, 24 ಅಡಿಯ ಉದ್ದಕ್ಕೂ ಎರಡು ಅಡಿ ಎತ್ತರದ ಪಟ್ಟಿ ಬಳಿದೆವು; ಎತ್ತುಗಳು ಈಗ ಕೆಂಪು ಮಣ್ಣಿನ ಮೇಲೆ ಕಾಲೂರಿ ನಿಂತಂತೆ ಕಾಣುತ್ತವೆ. ಕೊಂಬುಗಳ ತುದಿಯ ಹಿತ್ತಾಳೆಯ ಕಳಸಕ್ಕೆ ಹಳದಿಯ ಒಂದು ಕೈ ಹೆಚ್ಚು ಹೊಡೆಯುತ್ತಿದ್ದಾಗ, ಏಣಿಯ ಕೆಳಗೆ ಒಬ್ಬ ಹುಡುಗ ಬಂದು ನಿಂತ. ಹತ್ತು ಹನ್ನೊಂದು ವರ್ಷವಿರಬಹುದು.

"ಅಕ್ಕಾ, ಕೊಂಬು ಮಾತ್ರ ಮುಟ್ಬ್ಯಾಡಿ. ಅದು ನಮ್ಮ ತಾತ ಹೇಳಿ ಬರೆಸಿದ್ದು," ಎಂದ.

ಕಳಸಕ್ಕಷ್ಟೇ ಬಣ್ಣ ಹಚ್ಚುತ್ತಿದ್ದೇನೆ ಎಂದು ಕುಂಚವನ್ನು ತೋರಿಸಿದೆ. ಅವನು ಏಣಿಯ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು, ನಾನು ಮುಗಿಸಿ ಇಳಿಯುವವರೆಗೆ ಮೇಲೆಯೇ ನೋಡುತ್ತ ನಿಂತಿದ್ದ.